ಎರೆಸೀಮೆಯ ಶಾಲೆಗೆ ಪ್ರೋಗ್ರಾಮಿಂಗ್ ಬಂದ ದಾರಿ

ಹೊಸ ವಿದ್ಯೆಯೊಂದು ಊರಿಗೆ ಬಂದಾಗ ಅದು ಯಾವ ಭಾಷೆಯಲ್ಲಿ ಬರಬೇಕು, ಯಾರ ಕೈಯಿಂದ ಬರಬೇಕು? ಧಾರವಾಡ ಜಿಲ್ಲೆಯ ಶಾಲೆಗಳ ಚರಿತ್ರೆಯಲ್ಲಿ ಈ ಪ್ರಶ್ನೆ ಎರಡು ಸಲ ಎದ್ದಿದೆ. ಮೊದಲ ಸಲ ಎದ್ದದ್ದು 19ನೇ ಶತಮಾನದಲ್ಲಿ, ಈ ನೆಲ ಮುಂಬೈ ಪ್ರಾಂತದ ಭಾಗವಾಗಿದ್ದಾಗ. ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳು ಶಾಲೆಯಲ್ಲಿ ಮರಾಠಿಯಲ್ಲಿ ಓದಬೇಕಿದ್ದ ಕಾಲ ಅದು. ಡೆಪ್ಯುಟಿ ಚನ್ನಬಸಪ್ಪನವರು (1834–1881) ಊರೂರು ತಿರುಗಿ ಕನ್ನಡ ಶಾಲೆಗಳನ್ನು ತೆರೆಸಿದರು, ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಅವುಗಳಿಗೆ ಬೇಕಾದ ಮಾಸ್ತರರನ್ನು ತಯಾರು ಮಾಡಿದರು. 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರ ಮುಂದಾಳತ್ವದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಆ ಕೆಲಸವನ್ನು ಪುಸ್ತಕಗಳ ಮೂಲಕ ಮುಂದುವರಿಸಿತು. ಉತ್ತರ ಸ್ಪಷ್ಟವಾಗಿತ್ತು: ಭಾಷೆ ಮಕ್ಕಳದೇ ಆಗಿರಬೇಕು, ಕಲಿಸುವವರು ಆ ಊರಿನ ಶಾಲೆಯಲ್ಲೇ ಇರಬೇಕು.

ಎರಡನೆಯ ಸಲ ಪ್ರಶ್ನೆ ಎದ್ದದ್ದು ಕಂಪ್ಯೂಟರ್ ಬಂದಾಗ. ಆಗ ಇದೇ ಉತ್ತರವನ್ನು ಮತ್ತೆ ಕಂಡುಕೊಳ್ಳಲು ನಾಡಿಗೆ ದಶಕಗಳೇ ಹಿಡಿದವು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಸರ್ಕಾರಿ ಶಾಲೆಗಳ ಮಕ್ಕಳು ಆ ವಿಳಂಬದ ಬೆಲೆ ತೆತ್ತರು. ಪ್ರೋಗ್ರಾಮಿಂಗ್ ಎಂಬ ವಿದ್ಯೆಯನ್ನು ಹೊಸಬರಿಗೆ ಸುಲಭಗೊಳಿಸುವ ಪ್ರಯತ್ನಗಳು ಜಗತ್ತಿನಲ್ಲಿ ಹೇಗೆ ಸಾಗಿದವು, ಅವುಗಳಲ್ಲಿ ಎಷ್ಟು ನಮ್ಮ ಹಳ್ಳಿಗಳವರೆಗೆ ಬಂದವು ಎಂಬುದೇ ಈ ಕಥೆ.

ಸುಲಭ ಭಾಷೆಯ ಹುಡುಕಾಟ

1960ರ ದಶಕದ ಆರಂಭದಲ್ಲಿ ಕಂಪ್ಯೂಟರಿಗೆ ಕೆಲಸ ಹೇಳುವುದೆಂದರೆ ತೂತು ಹೊಡೆದ ಕಾರ್ಡುಗಳ ಕಟ್ಟನ್ನು ಯಂತ್ರದ ಕೋಣೆಗೆ ಒಪ್ಪಿಸಿ, ತಾಸುಗಟ್ಟಲೆ ಕಾದು, ತಪ್ಪು ಬಂದರೆ ಮತ್ತೆ ಮೊದಲಿನಿಂದ ಶುರು ಮಾಡುವುದು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಗಣಿತ ಪ್ರಾಧ್ಯಾಪಕರಾದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಈ ಪದ್ಧತಿಯನ್ನು ಮುರಿದರು. ವಿಜ್ಞಾನ ಓದದ ವಿದ್ಯಾರ್ಥಿಯೂ ಪ್ರೋಗ್ರಾಮ್ ಬರೆಯಬೇಕೆಂಬುದು ಅವರ ಹಟ. 1964ರ ಮೇ 1ರ ನಸುಕಿನಲ್ಲಿ ಅವರ ಬೇಸಿಕ್ ಭಾಷೆಯ ಮೊದಲ ಪ್ರೋಗ್ರಾಮ್ ಓಡಿತು. ಟೈಪ್ ಮಾಡಿದ ಕೆಲವೇ ಕ್ಷಣಗಳಲ್ಲಿ ಉತ್ತರ ಕಣ್ಣೆದುರು ಬರುತ್ತಿತ್ತು. ಆದರೆ ಅದರ ಆಜ್ಞೆಗಳೆಲ್ಲ ಇಂಗ್ಲಿಷಿನ ದಿನಬಳಕೆಯ ಪದಗಳು. ಇಂಗ್ಲಿಷ್ ಬಲ್ಲವರಿಗೆ ಅದೇ ಸೌಲಭ್ಯ. ಬಾರದವರಿಗೆ ಅದೇ ಮೊದಲ ಗೋಡೆ.

ಮೂರು ವರ್ಷಗಳ ನಂತರ, 1967ರಲ್ಲಿ, ವಾಲಿ ಫೋರ್ಜೈಗ್, ಸೆಮೋರ್ ಪ್ಯಾಪರ್ಟ್ ಮತ್ತು ಸಿಂಥಿಯಾ ಸೊಲೊಮನ್ ಸೇರಿ ಮಕ್ಕಳಿಗೆಂದೇ ಲೋಗೋ ಎಂಬ ಭಾಷೆ ರೂಪಿಸಿದರು. ಪ್ಯಾಪರ್ಟ್ ಜಿನೀವಾದಲ್ಲಿ ಮನೋವಿಜ್ಞಾನಿ ಪಿಯಾಜೆಯವರ ಜೊತೆ ಕೆಲಸ ಮಾಡಿ ಬಂದವರು. ಮಗು ಕೈಯಾಡಿಸಿ, ಕಟ್ಟಿ, ಕೆಡವಿ ಕಲಿಯುತ್ತದೆಂಬ ನಂಬಿಕೆಯವರು. ಲೋಗೋದಲ್ಲಿ ಪರದೆಯ ಮೇಲೊಂದು ಆಮೆ. ಮುಂದಕ್ಕೆ 100 ಹೆಜ್ಜೆ, ಬಲಕ್ಕೆ 90 ಡಿಗ್ರಿ ಎಂದು ನಾಲ್ಕು ಸಲ ಹೇಳಿದರೆ ಅದು ಚೌಕ ಬರೆಯುತ್ತದೆ. ಆಮೆ ತಪ್ಪು ದಾರಿ ಹಿಡಿದರೆ ಮಗು ತಾನೇ ಎದ್ದು ನಿಂತು, ಆ ಹೆಜ್ಜೆಗಳನ್ನು ನಡೆದು, ತಪ್ಪು ಎಲ್ಲಾಯಿತೆಂದು ಕಂಡುಕೊಳ್ಳಬಹುದು. ಗೊತ್ತಿಲ್ಲದ ಆಜ್ಞೆ ಕೊಟ್ಟರೆ ಲೋಗೋ ಬೈಯುತ್ತಿರಲಿಲ್ಲ. ಅದನ್ನು ಮಾಡುವುದು ಹೇಗೆಂದು ನನಗೆ ಗೊತ್ತಿಲ್ಲ ಎನ್ನುತ್ತಿತ್ತು. ಹಾಗಾದರೆ ನಾನೇ ಕಲಿಸುತ್ತೇನೆ ಎಂದು ಮಗು ಹೊಸ ಆಜ್ಞೆಯನ್ನು ಹೇಳಿಕೊಡಬಹುದಿತ್ತು. ಕಲಿಯುವವನನ್ನು ಕಲಿಸುವವನ ಜಾಗದಲ್ಲಿ ಕೂರಿಸಿದ ಈ ತಿರುವು ಪ್ರೋಗ್ರಾಮಿಂಗ್ ಶಿಕ್ಷಣದ ಅತಿ ದೊಡ್ಡ ತಿರುವುಗಳಲ್ಲಿ ಒಂದು.

ನವಲಗುಂದದ ಮಕ್ಕಳಿಗೆ ಈ ವಿಚಾರ ಹೊಸದಾಗಿ ಕಾಣಬೇಕಿಲ್ಲ. ಅಲ್ಲಿನ ಹೆಣ್ಣುಮಕ್ಕಳು ಜಮಖಾನ ನೇಯುವಾಗ ಎಳೆ ಎಣಿಸಿ, ಬಣ್ಣ ಬದಲಿಸಿ, ಅದೇ ಲೆಕ್ಕವನ್ನು ಮತ್ತೆ ಮತ್ತೆ ಹಾಕಿ ನವಿಲನ್ನು ಮೂಡಿಸುತ್ತಾರೆ. ಪ್ರೋಗ್ರಾಮ್ ಎಂದರೆ ಅದೇ: ಸಣ್ಣ ಹೆಜ್ಜೆಗಳ ಕ್ರಮ, ಅದರ ಆವರ್ತನೆ, ಎಣಿಕೆ ತಪ್ಪಿದ ಸಾಲಿಗೆ ಮರಳಿ ತಿದ್ದುವ ತಾಳ್ಮೆ. ತಾರ್ಕಿಕ ಬುದ್ಧಿಯ ಕೊರತೆ ಈ ಸೀಮೆಗೆ ಎಂದೂ ಇರಲಿಲ್ಲ.

ಬಿಬಿಸಿ ಮೈಕ್ರೋ ಬಂದ ಕಾಲ

ಭಾರತದ ಶಾಲೆಗಳಲ್ಲಿ ಕಂಪ್ಯೂಟರ್ ಅಧಿಕೃತವಾಗಿ ಕಾಲಿಟ್ಟದ್ದು 1984–85ರಲ್ಲಿ, ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯ ಮೂಲಕ. ಆರಂಭದಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ ಯಂತ್ರಗಳು ಬಂದವು. ಆ ಯಂತ್ರ ಚಾಲೂ ಮಾಡಿದ ಕೂಡಲೇ ಬೇಸಿಕ್ ಭಾಷೆ ಸಿದ್ಧವಾಗಿರುತ್ತಿತ್ತು. ಬಳಸಲು ಆಜ್ಞೆ ಟೈಪ್ ಮಾಡಲೇಬೇಕಿತ್ತು. ಆದರೆ ಆಜ್ಞೆಯ ಕಾಗುಣಿತದಲ್ಲಿ ಒಂದಕ್ಷರ ತಪ್ಪಿದರೆ ‘ಮಿಸ್ಟೇಕ್’ ಎಂದು, ಹೆಚ್ಚೆಂದರೆ ಸಾಲಿನ ಸಂಖ್ಯೆಯೊಂದಿಗೆ, ತೋರಿಸಿ ಯಂತ್ರ ಸುಮ್ಮನಾಗುತ್ತಿತ್ತು. ಏನು ತಪ್ಪಿದೆ, ಏಕೆ ತಪ್ಪಿದೆ ಎಂದು ಬಿಡಿಸಿ ಹೇಳುವವರು ಪಕ್ಕದಲ್ಲಿ ಬೇಕಿತ್ತು. ಕೆಲವೇ ವಾರಗಳ ತರಬೇತಿ ಪಡೆದ ಶಿಕ್ಷಕರಿಗೆ ಅದು ಭಾರವಾದ ಹೊಣೆ.

ಅದೇ ಹೊತ್ತಿಗೆ ಪಶ್ಚಿಮದಲ್ಲಿ ವಿದ್ವಾಂಸರ ನಡುವೆ ವಾದ ಎದ್ದಿತ್ತು. ಲೋಗೋ ಕಲಿತ ಮಗುವಿನ ಯೋಚನಾಶಕ್ತಿಯೇ ಬೆಳೆಯುತ್ತದೆ ಎಂದು ಪ್ಯಾಪರ್ಟ್ 1980ರ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದಲ್ಲಿ ಆಶಿಸಿದ್ದರು. ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ ಮತ್ತು ಮಿಡಿಯನ್ ಕರ್ಲ್ಯಾಂಡ್ 1984ರ ಸುಮಾರಿಗೆ ತಮ್ಮ ಅಧ್ಯಯನಗಳನ್ನು ಮುಂದಿಟ್ಟು, ಲೋಗೋ ಕಲಿತ ಮಕ್ಕಳ ಯೋಜನಾಶಕ್ತಿ ಬೇರೆ ಮಕ್ಕಳಿಗಿಂತ ಹೆಚ್ಚಿದ್ದು ಕಾಣಲಿಲ್ಲ ಎಂದರು. ಭಾಷೆಯೊಂದನ್ನೇ ಔಷಧದಂತೆ ಪರೀಕ್ಷಿಸುವುದು ಸರಿಯಲ್ಲ, ತರಗತಿಯ ವಾತಾವರಣವೇ ಮುಖ್ಯ ಎಂಬುದು ಪ್ಯಾಪರ್ಟ್ ಕೊಟ್ಟ ಉತ್ತರ. ಬ್ರಿಟನ್ನಿನ ಬೆನೆಡಿಕ್ಟ್ ಡು ಬುಲೆ 1986ರಲ್ಲಿ ಇನ್ನೊಂದು ಕಡೆ ಬೆರಳಿಟ್ಟರು: ಪ್ರೋಗ್ರಾಮಿನ ಪ್ರತಿ ಸಾಲಿಗೆ ಯಂತ್ರದೊಳಗೆ ಏನಾಗುತ್ತದೆಂಬ ಚಿತ್ರ ಹೊಸಬರ ಮನಸ್ಸಿನಲ್ಲಿ ಮೂಡುವುದಿಲ್ಲ. ಎಕ್ಸ್ ಸಮ ಎಕ್ಸ್ ಕೂಡಿಸು ಒಂದು ಎಂಬ ಸಾಲನ್ನೇ ನೋಡಿ. ಬೀಜಗಣಿತ ಕಲಿಯುತ್ತಿರುವ ಎಂಟನೆಯ ತರಗತಿಯ ಹುಡುಗಿಗೆ ಅದು ಶುದ್ಧ ಸುಳ್ಳು. ಎಕ್ಸ್‌ನಲ್ಲಿದ್ದದ್ದನ್ನು ತೆಗೆದು, ಒಂದು ಕೂಡಿಸಿ, ಮತ್ತೆ ಅಲ್ಲೇ ಇಡು ಎಂದು ಯಾರಾದರೂ ಬಿಡಿಸಿ ಹೇಳುವತನಕ ಅವಳು ಮುಂದೆ ಹೋಗಲಾರಳು. ಅವಳಿಗೆ ಪೂರ್ತಿ ತಿಳಿಯುವ ಭಾಷೆಯಲ್ಲಿ ಹೇಳಿದರೆ ಮಾತ್ರ ಆ ವಿವರಣೆ ವಿವರಣೆಯಾಗುತ್ತದೆ.

ಮಾಹಿತಿ ಸಿಂಧು

ಕರ್ನಾಟಕದ ಹಳ್ಳಿಗಳ ಮಟ್ಟಿಗೆ ನಿಜವಾದ ಆರಂಭ 2001. ಎಸ್.ಎಂ. ಕೃಷ್ಣ ಅವರ ಸರ್ಕಾರ ರಾಜ್ಯದ 1,000 ಸರ್ಕಾರಿ ಪ್ರೌಢಶಾಲೆಗಳಿಗೆ ‘ಮಾಹಿತಿ ಸಿಂಧು’ ಯೋಜನೆ ತಂದಿತು. ಬೆಂಗಳೂರು ಸಾಫ್ಟ್‌ವೇರಿನ ಊರೆಂದು ಜಗತ್ತಿಗೆ ಗೊತ್ತಾಗಿತ್ತು. ಹಳ್ಳಿಯ ಮಕ್ಕಳು ಹಿಂದೆ ಬೀಳಬಾರದೆಂಬ ಉದ್ದೇಶ ಪ್ರಾಮಾಣಿಕವಾಗಿತ್ತು. ಅಲ್ಲಿಯವರೆಗೆ ಕುಂದಗೋಳ, ಅಣ್ಣಿಗೇರಿಯ ಹುಡುಗರು ಕಂಪ್ಯೂಟರ್ ಕ್ಲಾಸಿಗೆಂದು ಹುಬ್ಬಳ್ಳಿಯ ಬಸ್ ಹತ್ತಬೇಕಿತ್ತು, ಫೀ ಕಟ್ಟಬೇಕಿತ್ತು. ಹೊಲದ ಕೆಲಸ, ಬಸ್ ಚಾರ್ಜು, ಮನೆಯವರ ಅನುಮತಿ ಎಲ್ಲವೂ ಕೂಡಿಬಂದವರಷ್ಟೇ ಹೋಗುತ್ತಿದ್ದರು. ಹೆಣ್ಣುಮಕ್ಕಳ ಸಂಖ್ಯೆ ಇನ್ನೂ ಕಡಿಮೆ. ಶಾಲೆಗೇ ಯಂತ್ರ ಬಂದದ್ದು ಆ ಮಟ್ಟಿಗೆ ದೊಡ್ಡ ಮಾತು.

ತೊಡಕು ಯೋಜನೆಯ ಕಟ್ಟೋಣದಲ್ಲಿತ್ತು. ಖಾಸಗಿ ಕಂಪನಿ ಪ್ರಯೋಗಾಲಯ ಕಟ್ಟಬೇಕು, ಅದರ ಒಡೆತನ ಇಟ್ಟುಕೊಂಡು ತನ್ನದೇ ಬೋಧಕರಿಂದ ನಡೆಸಬೇಕು, ಗುತ್ತಿಗೆ ಮುಗಿದ ಮೇಲೆ ಶಾಲೆಗೆ ಒಪ್ಪಿಸಬೇಕು. ಬೋಧಕ ಶಾಲೆಯವನಲ್ಲ; ಶಾಲೆಯ ಮಾಸ್ತರರು, ಅಕ್ಕೋರು ಆ ಕೋಣೆಗೆ ಅತಿಥಿಗಳು. ಗಣಿತ ಕಲಿಸುವವರು ಒಂದು ಕಡೆ, ಕಂಪ್ಯೂಟರ್ ಕಲಿಸುವವರು ಇನ್ನೊಂದು ಕಡೆ. ಪಾಠದ ಬಹುಪಾಲು ಬರೆಯುವ, ಲೆಕ್ಕ ಹಾಕುವ, ಚಿತ್ರ ಬಿಡಿಸುವ ಸಿದ್ಧ ತಂತ್ರಾಂಶಗಳ ಪರಿಚಯಕ್ಕೆ ಮೀಸಲಾಯಿತು. ಯಂತ್ರಕ್ಕೆ ತಾವೇ ಕೆಲಸ ಹೇಳುವ ವಿದ್ಯೆ ಹಿಂದೆ ಸರಿಯಿತು. ಗುತ್ತಿಗೆ ಮುಗಿದಾಗ ಬೋಧಕರು ಹೊರಟರು. ಕಲಿಸುವ ಕೈ ಇಲ್ಲದ ಕಡೆ ಯಂತ್ರಗಳು ಹಳತಾಗಿ ಮೂಲೆ ಸೇರಿದವು.

ನೆರೆಯ ಕೇರಳ ಹೆಚ್ಚುಕಡಿಮೆ ಅದೇ ಹೊತ್ತಿಗೆ ‘ಐಟಿ@ಸ್ಕೂಲ್’ ಆರಂಭಿಸಿ ಬೇರೆ ದಾರಿ ಹಿಡಿಯಿತು. ಅಲ್ಲಿ ಶಾಲೆಯ ಶಿಕ್ಷಕರಿಗೇ ತರಬೇತಿ, ಅವರ ಕೈಯಲ್ಲೇ ಪ್ರಯೋಗಾಲಯ, ಮುಂದೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಸ್ವತಂತ್ರ ತಂತ್ರಾಂಶ. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯ ಗುರುಮೂರ್ತಿ ಕಾಶಿನಾಥನ್ ಮತ್ತು ಸಂಗಡಿಗರು ಎರಡನ್ನೂ ಹೋಲಿಸಿ ಅಧ್ಯಯನ ಮಾಡಿ, ಶಿಕ್ಷಕರೇ ನಡೆಸುವ ಮಾದರಿಯೇ ಶಾಲೆಯಲ್ಲಿ ಬೇರೂರುತ್ತದೆಂದು ವಾದಿಸಿದರು. ಹಳ್ಳಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕೆಯನ್ನು ಪ್ರಯತ್ನಿಸಿ ನೋಡಿದ್ದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ಅನುರಾಗ್ ಬೆಹರ್ 2010ರಲ್ಲಿ ‘ಮಿಂಟ್’ ಪತ್ರಿಕೆಯಲ್ಲಿ ಇನ್ನೂ ಕಠಿಣವಾಗಿ ಬರೆದರು: ತಂತ್ರಜ್ಞಾನದ ಮೋಹ ಶಿಕ್ಷಣದ ನಿಜ ಸಮಸ್ಯೆಗಳಿಂದ ಗಮನ ತಪ್ಪಿಸುತ್ತದೆ ಎಂಬುದು ಅವರ ನಿಲುವು. ಒಬ್ಬರು ತಂತ್ರಜ್ಞಾನವನ್ನು ಶಿಕ್ಷಕರ ಕೈಗೆ ಕೊಡಿ ಎಂದರು, ಇನ್ನೊಬ್ಬರು ಮೊದಲು ಶಿಕ್ಷಕರನ್ನು ಗಟ್ಟಿ ಮಾಡಿ ಎಂದರು. ಮಾಸ್ತರರನ್ನು ಬಿಟ್ಟು ಹೋಗುವ ದಾರಿ ಇಲ್ಲವೆಂಬುದರಲ್ಲಿ ಇಬ್ಬರೂ ಒಂದೇ.

ಆಮೆ ಕನ್ನಡ ಕಲಿತದ್ದು

ಭಾಷೆಯ ಗೋಡೆಯನ್ನು ಒಡೆಯುವ ಕೆಲಸ ಸರ್ಕಾರಿ ಯೋಜನೆಗಳ ಹೊರಗೆ ನಡೆಯಿತು. ಅದಕ್ಕೆ ಮೊದಲು ಕನ್ನಡ ಅಕ್ಷರ ಕಂಪ್ಯೂಟರಿನಲ್ಲಿ ಮೂಡಬೇಕಿತ್ತು. ಕೆ.ಪಿ. ರಾವ್ ಅವರ ಧ್ವನಿ ಆಧಾರಿತ ಕೀಲಿಮಣೆ ವಿನ್ಯಾಸ, ಶೇಷಾದ್ರಿ ವಾಸು ಅವರ ‘ಬರಹ’ ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಆ ದಾರಿಯ ಮೆಟ್ಟಿಲುಗಳು. ಪೂರ್ಣಚಂದ್ರ ತೇಜಸ್ವಿಯವರು ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಒತ್ತಾಯಿಸಿದ್ದನ್ನೂ ಇಲ್ಲಿ ನೆನೆಯಬೇಕು. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿ ‘ಶಾಲಾ ಮಕ್ಕಳಿಗಾಗಿ ಕಂಪ್ಯೂಟರ್’ ಎಂಬ ಪುಸ್ತಕವನ್ನು ಕನ್ನಡದಲ್ಲೇ ಬರೆದರು. ಆದರೆ ಆ ಕಾಲದ ತಂತ್ರಾಂಶಗಳಲ್ಲಿ ಒಂದು ಮಿತಿಯಿತ್ತು. ಪರದೆಯ ಮೇಲೆ ಕಾಣುವುದು ಕನ್ನಡವಾದರೂ ಒಳಗೆ ಯಂತ್ರಕ್ಕೆ ಅದು ಇಂಗ್ಲಿಷ್ ಅಕ್ಷರಗಳ ಮೇಲೆ ತೊಡಿಸಿದ ವೇಷ. ಪತ್ರ ಬರೆಯಲು ಅಷ್ಟು ಸಾಕು, ಯಂತ್ರಕ್ಕೆ ಆಜ್ಞೆ ಕೊಡಲು ಸಾಲದು. ಜಗತ್ತಿನ ಬೇರೆ ಬೇರೆ ಲಿಪಿಗಳಿಗೆ ಪ್ರತ್ಯೇಕ ಸಂಕೇತ ಕೊಟ್ಟ ಯೂನಿಕೋಡ್ ಬಳಕೆಗೆ ಬಂದ ಮೇಲೆ ಆ ಬಾಗಿಲು ತೆರೆಯಿತು.

ಯು.ಬಿ. ಪವನಜ ಮುಂಬೈಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. 1996ರಲ್ಲಿ ‘ವಿಶ್ವ ಕನ್ನಡ’ ಅಂತರಜಾಲ ಪತ್ರಿಕೆ ಆರಂಭಿಸಿದವರು. ಅವರು ಲೋಗೋ ಭಾಷೆಯನ್ನು ಕನ್ನಡಕ್ಕೆ ತಂದರು. ಪ್ಯಾಪರ್ಟ್ ಕಲ್ಪಿಸಿದ ಆಮೆ ಈಗ ಕನ್ನಡದ ಆಜ್ಞೆ ಕೇಳಿ ನಡೆಯತೊಡಗಿತು. ಆ ಕೆಲಸಕ್ಕೆ ಮಂಥನ್ ಪ್ರಶಸ್ತಿಯೂ ಬಂತು. 2000ರ ದಶಕದಲ್ಲೇ ಕೆಡಿಇ ಎಂಬ ಸ್ವತಂತ್ರ ತಂತ್ರಾಂಶ ಬಳಗದ ‘ಕೆಟರ್ಟಲ್’ ಕೂಡ ಆಜ್ಞೆಗಳನ್ನು ಬೇರೆ ಭಾಷೆಗಳಿಗೆ ಅನುವಾದಿಸುವ ಅವಕಾಶ ಕೊಟ್ಟಿತ್ತು. ದಾರಿ ಇತ್ತು, ನಡೆದು ತೋರಿಸಿದವರೂ ಇದ್ದರು. ಆದರೂ ಸರ್ಕಾರಿ ಯೋಜನೆಗಳ ಪಾಠಕ್ಕೆ ಕನ್ನಡ ಲೋಗೋ ಬೆನ್ನೆಲುಬಾಗಲಿಲ್ಲ. ಈ ಕಥೆಯಲ್ಲಿ ಕೈತಪ್ಪಿದ ಅವಕಾಶಗಳಲ್ಲಿ ನನಗೆ ಅತ್ಯಂತ ನೋವು ತರುವುದು ಇದೇ. ಸಾವಿರ ಶಾಲೆಗಳಲ್ಲಿ ಯಂತ್ರಗಳಿದ್ದವು, ಕನ್ನಡದಲ್ಲಿ ಆಮೆಯಿತ್ತು. ಎರಡನ್ನೂ ಜೋಡಿಸಿದ್ದರೆ ಒಂದು ತಲೆಮಾರಿನ ಆರಂಭ ಬೇರೆಯಾಗುತ್ತಿತ್ತು.

ಕನ್ನಡದಲ್ಲಿ ಕಲಿತವರು ಮುಂದೆ ಇಂಗ್ಲಿಷ್ ಆಜ್ಞೆಗಳನ್ನೇ ಬಳಸಬೇಕಲ್ಲ, ಎರಡೆರಡು ಸಲ ಕಲಿಯುವುದೇಕೆ ಎಂಬ ಆಕ್ಷೇಪ ಹಳೆಯದು, ಪ್ರಾಮಾಣಿಕವೂ ಹೌದು. ಸಂಶೋಧಕ ಫಿಲಿಪ್ ಗುವೊ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 86 ದೇಶಗಳ 840 ಮಂದಿ ತಮ್ಮ ಅನುಭವ ಹೇಳಿಕೊಂಡರು: ಪಾಠ ಓದುವುದು, ತಪ್ಪಿನ ಸಂದೇಶ ಅರ್ಥ ಮಾಡಿಕೊಳ್ಳುವುದು, ಪ್ರಶ್ನೆ ಕೇಳುವುದು ಎಲ್ಲದಕ್ಕೂ ಇಂಗ್ಲಿಷ್ ಅಡ್ಡ ಬರುತ್ತಿತ್ತು, ಹಾಗೆಯೇ ಕೆಲವರಿಗೆ ಪ್ರೋಗ್ರಾಮಿಂಗೇ ಇಂಗ್ಲಿಷ್ ಕಲಿಯಲು ಪ್ರೇರಣೆಯಾಗಿತ್ತು. ಸಾಯಮಿಂದು ದಾಸ್‌ಗುಪ್ತಾ ಮತ್ತು ಬೆಂಜಮಿನ್ ಮ್ಯಾಕೊ ಹಿಲ್ 2017ರಲ್ಲಿ ಮಕ್ಕಳಿಗಾಗಿ ರೂಪಿಸಿದ ಸ್ಕ್ರ್ಯಾಚ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸುವವರ ಕೆಲಸವನ್ನು ಪರಿಶೀಲಿಸಿ ತೂಗಿದರು. ತಮ್ಮ ದೇಶದ ಭಾಷೆಯಲ್ಲಿ ಕಲಿತ ಹೊಸಬರು, ಅದೇ ದೇಶದಲ್ಲಿ ಇಂಗ್ಲಿಷಿನಲ್ಲಿ ಕಲಿತವರಿಗಿಂತ ಬೇಗ ಹೊಸ ಪರಿಕಲ್ಪನೆಗಳನ್ನು ಬಳಸತೊಡಗಿದ್ದರು. ಆವರ್ತನೆ ಏನು, ಷರತ್ತು ಏನು ಎಂಬುದು ಒಮ್ಮೆ ತಲೆಗೆ ಹತ್ತಿದರೆ ಆಮೇಲೆ ಕಲಿಯಬೇಕಾದ ಇಂಗ್ಲಿಷ್ ಆಜ್ಞೆಗಳು ಕೆಲವೇ ಕೆಲವು. ಮೊದಲ ಮೆಟ್ಟಿಲು ಎತ್ತರವಾದಷ್ಟೂ ಏರುವವರು ಕಡಿಮೆಯಾಗುತ್ತಾರೆ, ಹಾಗೆ ಹೊರಗುಳಿಯುವವರು ಬಹುಪಾಲು ಹಳ್ಳಿಯ ಮಕ್ಕಳು.

ಮಾಸ್ತರರ ಕೈಗೆ

2011ರಿಂದ ಕರ್ನಾಟಕದ ದಾರಿ ತಿರುಗಿತು. ‘ವಿಷಯ ಶಿಕ್ಷಕರ ವೇದಿಕೆ’ಯ ಹೆಸರಿನಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರೇ ಉಬುಂಟು ಎಂಬ ಸ್ವತಂತ್ರ ತಂತ್ರಾಂಶ ಬಳಸಲು ಕಲಿತರು, ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ತ್ರಿಭುಜ ಎಳೆದು ಪ್ರಮೇಯ ತೋರಿಸತೊಡಗಿದರು. ಜಿಲ್ಲೆ ಜಿಲ್ಲೆಗಳ ಶಿಕ್ಷಕರು ಇಮೇಲ್ ಗುಂಪುಗಳಲ್ಲಿ ಕನ್ನಡದಲ್ಲೇ ಸಂಶಯ ಕೇಳಿ, ಉತ್ತರ ಕೊಟ್ಟುಕೊಂಡರು. ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಭಂಡಾರವೂ ಬೆಳೆಯಿತು. 2016–17ರಲ್ಲಿ ಬಂದ ‘ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮ’, ಅಂದರೆ ಶಿಕ್ಷಕರ ಬಾಯಲ್ಲಿ ‘ಟಾಲ್ಪ್’, ಶಾಲೆಯ ಶಿಕ್ಷಕರ ತರಬೇತಿಯನ್ನೇ ಕೇಂದ್ರದಲ್ಲಿಟ್ಟಿತು. ಹೊರಗಿನ ಬೋಧಕರ ಮೇಲೆ ನಿಂತಿದ್ದ ವ್ಯವಸ್ಥೆ ಒಂದೂವರೆ ದಶಕದ ನಂತರ ಒಳಗಿನವರ ಕಡೆ ಹೊರಳಿತು. ಅದು ತಡವಾದರೂ ಸರಿಯಾದ ತಿರುವು.

ಅಷ್ಟರಲ್ಲಿ ಸಾಧನಗಳೂ ಬದಲಾಗಿದ್ದವು. ಪ್ಯಾಪರ್ಟ್ ಅವರ ಹಾದಿಯಲ್ಲೇ ಬೆಳೆದ ಮಿಚೆಲ್ ರೆಸ್ನಿಕ್ ಅವರ ತಂಡ 2007ರಲ್ಲಿ ಸ್ಕ್ರ್ಯಾಚ್ ಬಿಡುಗಡೆ ಮಾಡಿತು. ಅದರಲ್ಲಿ ಆಜ್ಞೆಗಳು ಬಣ್ಣದ ತುಂಡುಗಳು; ಒಂದಕ್ಕೊಂದು ಹೊಂದಿದರೆ ಮಾತ್ರ ಕೂಡುತ್ತವೆ. ಕಾಗುಣಿತದ ತಪ್ಪಿಗೆ ಜಾಗವೇ ಇಲ್ಲ, ಉಳಿಯುವುದು ಯೋಚನೆಯ ತಪ್ಪು ಮಾತ್ರ. ಕಲಿಯಬೇಕಾದದ್ದೂ ಅದನ್ನೇ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 2008ರ ಕೊನೆಗೆ ಬಂದ 3ನೇ ಆವೃತ್ತಿ ಇನ್ನೊಂದು ಬಾಗಿಲು ತೆರೆಯಿತು: ಚರಾಂಶಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ‘ಹತ್ತಿ_ತೂಕ’ ಗುಣಿಸು ‘ಹತ್ತಿ_ಬೆಲೆ’ ಎಂದು ಬರೆದ ಲೆಕ್ಕವನ್ನು ಪೈಥಾನ್ ತಕರಾರಿಲ್ಲದೆ ಓಡಿಸುತ್ತದೆ. ಅಪ್ಪ ಎಪಿಎಂಸಿಗೆ ಒಯ್ದ ಹತ್ತಿಯ ಲೆಕ್ಕವನ್ನು ಮಗಳು ಹೀಗೆ ಬರೆದಾಗ ಪ್ರೋಗ್ರಾಮ್ ಅವಳ ಮನೆಯ ವಿಷಯವಾಗುತ್ತದೆ. ಐಐಟಿ ಮುಂಬೈಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳು ಕನ್ನಡ ದನಿಯಲ್ಲೂ ಸಿಗುತ್ತವೆ.

ಆದರೆ ಒಂದು ಕಡೆ ಗೋಡೆ ಹಾಗೇ ನಿಂತಿದೆ. ತಪ್ಪಾದಾಗ ಪೈಥಾನ್ ಕೊಡುವ ಸಂದೇಶ ಇಂದಿಗೂ ಇಂಗ್ಲಿಷ್. ಹೊಸಬರ ಸಮಯದ ಬಹುಪಾಲು ಕಳೆಯುವುದೇ ತಪ್ಪುಗಳ ಜೊತೆ. ‘ಸರ, ಇದು ಯಾಕ ಓಡವಲ್ದ್ರೀ?’ ಎಂದು ಮಗು ಕೇಳಿದಾಗ ಪರದೆಯ ಮೇಲಿರುವ ಉತ್ತರ ಅದಕ್ಕೆ ಓದಲು ಬಾರದಿದ್ದರೆ, ಆ ಸಂದೇಶ ಇದ್ದೂ ಇಲ್ಲದಂತೆ.

ಉಳಿದ ಪರಿಣಾಮ

ಈಗ ಧಾರವಾಡದ ಪಕ್ಕದಲ್ಲೇ ದೇಶದ ಉನ್ನತ ತಾಂತ್ರಿಕ ಶಿಕ್ಷಣ ನೆಲೆಸಿದೆ. 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಬಂದವು. 2023ರ ಮಾರ್ಚ್ 12ರಂದು ಐಐಟಿಯ ಶಾಶ್ವತ ಆವರಣ ಉದ್ಘಾಟನೆಯಾಯಿತು. 2016ರಿಂದ ನೀತಿ ಆಯೋಗ ಆಯ್ದ ಶಾಲೆಗಳಿಗೆ 20 ಲಕ್ಷ ರೂಪಾಯಿ ಅನುದಾನದ ಅಟಲ್ ಟಿಂಕರಿಂಗ್ ಲ್ಯಾಬ್ ಕೊಡುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಹಂತದಿಂದಲೇ, ಅಂದರೆ ಆರನೆಯ ತರಗತಿಯಿಂದ, ಕೋಡಿಂಗ್ ಕಲಿಸಬೇಕೆನ್ನುತ್ತದೆ. ಕಲಘಟಗಿಯ ಕಾಡಂಚಿನ ಶಾಲೆಗೂ ಆ ಐಐಟಿಗೂ ನಡುವಿನ ದಾರಿ ಬಸ್ಸಿನಲ್ಲಿ ದೊಡ್ಡದಲ್ಲ. ಕಲಿಕೆಯ ದಾರಿ ಮಾತ್ರ ಇನ್ನೂ ಬಹಳ ಉದ್ದ.

ಆ ದಾರಿಯನ್ನು ಕಿರಿದು ಮಾಡುವುದು ಹೇಗೆಂದು ಈ ಚರಿತ್ರೆಯೇ ಹೇಳುತ್ತದೆ. ಬೇಸಿಕ್ ಯಂತ್ರದ ಮುಂದಿನ ಕಾಯುವಿಕೆಯನ್ನು ತೆಗೆಯಿತು, ಲೋಗೋ ಹೆದರಿಕೆಯನ್ನು, ಸ್ಕ್ರ್ಯಾಚ್ ಕಾಗುಣಿತದ ಕಾಟವನ್ನು, ಕನ್ನಡ ಲೋಗೋ ಪರಭಾಷೆಯ ಹೊರೆಯನ್ನು. ಒಂದೊಂದು ಹೆಜ್ಜೆಯೂ ಹೊಸಬರು ಎಡವುವ ಜಾಗವನ್ನು ಹತ್ತಿರದಿಂದ ನೋಡಿದವರಿಂದ ಬಂತು. ಯಂತ್ರಗಳ ಖರೀದಿಯಿಂದ ಮಾತ್ರ ಶುರುವಾದ ಯೋಜನೆಗಳಿಗೆ ಆ ನೋಟ ಇರಲಿಲ್ಲ, ಹಾಗಾಗಿ ಅವು ಗುತ್ತಿಗೆಯ ಜೊತೆಗೇ ಮುಗಿದವು. ಟಾಲ್ಪ್‌ನ ಕಾಲದಲ್ಲಿ ಕಲಿತ ಶಿಕ್ಷಕರು ಇಂದಿಗೂ ತರಗತಿಗಳಲ್ಲಿದ್ದಾರೆ. ಅದು ಯಾವ ಗುತ್ತಿಗೆಯೂ ಬಿಟ್ಟುಹೋಗದ ಆಸ್ತಿ.

ಮುಂದಿನ ಯೋಜನೆಯ ಕಡತ ಬರೆಯುವವರು ಯಂತ್ರಗಳ ಸಂಖ್ಯೆ ನಮೂದಿಸುವ ಮೊದಲು ಮೂರು ಸಾಲು ಬರೆಯಲಿ. ಪ್ರತಿ ಶಾಲೆಯಲ್ಲೂ ಪ್ರೋಗ್ರಾಮಿಂಗ್ ಬಲ್ಲ ಕಾಯಂ ಶಿಕ್ಷಕರು ಒಬ್ಬರಾದರೂ ಇರಬೇಕು. ಮೊದಲ ವರ್ಷದ ಆಜ್ಞೆಗಳೂ ಪಾಠಗಳೂ ಕನ್ನಡದಲ್ಲಿರಬೇಕು. ತಪ್ಪಿನ ಸಂದೇಶವೂ ಕನ್ನಡದಲ್ಲಿ, ಬಿಡಿಸಿ ಹೇಳುವಂತೆ ಇರಬೇಕು. ಆ ಕೆಲಸವನ್ನು ಧಾರವಾಡದ ಐಐಐಟಿ, ಐಐಟಿಗಳ ವಿದ್ಯಾರ್ಥಿಗಳು ಸುತ್ತಲಿನ ತಾಲ್ಲೂಕುಗಳ ಶಿಕ್ಷಕರ ಜೊತೆ ಕೂತು ಮಾಡಬಲ್ಲರು. ಇದಕ್ಕೆ ಬೇಕಾದ ಜ್ಞಾನ, ಜನ, ಲಿಪಿ ಎಲ್ಲವೂ ಜಿಲ್ಲೆಯಲ್ಲೇ ಇವೆ. ನಾಲ್ಕು ದಶಕಗಳ ಹಿಂದೆ ಇವುಗಳಲ್ಲಿ ಹಲವು ಇರಲಿಲ್ಲ ಎನ್ನಬಹುದಿತ್ತು. ಇಂದು ಹಾಗೆ ಹೇಳಲು ಯಾರಿಗೂ ಕಾರಣ ಉಳಿದಿಲ್ಲ.